ತಲೆಗೆ ತಲಾ ಎರಡು ಸಾವಿರ

ಸೈಕಲ್ ಹೆಲ್ಮೆಟ್‌ಗೆ ಎಷ್ಟು ದುಡ್ಡು ಹಾಕಬಹುದು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು. ಮನೆಯಲ್ಲಿ ಸೈಕಲ್ ಹತ್ತುವವರು ಎಷ್ಟು ಜನ ಅಂತ ಮೊದಲು ಎಣಿಸಿ, ತಲಾ ಸುಮಾರು ಎರಡು ಸಾವಿರ ಎತ್ತಿಡಿ. ಅದಕ್ಕಿಂತ ಕಡಿಮೆಗೆ ಸರಿಯಾದದ್ದು ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ. ಅದನ್ನು ಮೀರುವುದಾದರೆ, ಮೀರಿದ ದುಡ್ಡಿಗೆ ಹೆಚ್ಚಿಗೆ ಏನು ಸಿಗುತ್ತದೆ ಎಂದು ಅಂಗಡಿಯವರ ಬಾಯಿಂದಲೇ ಹೇಳಿಸಿ.

ಈ ಲೆಕ್ಕ ಹುಟ್ಟಿದ್ದು ನಮ್ಮ ಮನೆಯಲ್ಲೇ. ನಾವಿರುವುದು ನಾಗಸಂದ್ರದಲ್ಲಿ, ತುಮಕೂರು ರಸ್ತೆಗೆ ಹತ್ತಿರ. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಲೆಕ್ಕ ಬರೆಯುವುದು ನನ್ನ ಕೆಲಸ, ಹೋಗಿಬರುವುದು ಸೈಕಲ್ಲಿನಲ್ಲಿ. ಏಳನೇ ಕ್ಲಾಸಿನ ಮಗಳು ಟ್ಯೂಷನ್ನಿಗೆ ಸೈಕಲ್ಲಿನಲ್ಲೇ ಹೋಗುತ್ತಾಳೆ. ನಮ್ಮ ಯಜಮಾನರಿಗಂತೂ ಭಾನುವಾರ ನಸುಕಿಗೇ ಎದ್ದು ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿ ಹೆಸರಘಟ್ಟದವರೆಗೆ ತುಳಿದು ಬರದಿದ್ದರೆ ವಾರ ಮುಗಿದಂತೆಯೇ ಅಲ್ಲ. ಹೆಲ್ಮೆಟ್ ಬೇಕು ಎಂದು ಮೊದಲು ಅನ್ನಿಸಿದ್ದೂ ಅವರಿಗೇ. ಜೊತೆಯಲ್ಲಿ ಬರುವ ಗೆಳೆಯರ ತಲೆಯ ಮೇಲಿದ್ದದ್ದನ್ನು ನೋಡಿ, ಒಂಬತ್ತು ಸಾವಿರದ್ದೊಂದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಅಂಗಡಿಯಲ್ಲಿ ನಾನು ಬೆಲೆ ಚೀಟಿ ತಿರುಗಿಸಿ ನೋಡುತ್ತಿದ್ದಾಗ ಅಲ್ಲಿದ್ದ ಹುಡುಗ, “ಮೇಡಂ, ತಲೆಗಿಂತ ದುಡ್ಡು ದೊಡ್ಡದಾ?” ಎಂದ. ಈ ಪ್ರಶ್ನೆಯ ಬಗ್ಗೆಯೇ ನಾನು ಈ ಅಂಕಣ ಬರೆಯುತ್ತಿರುವುದು. ಮನೆಯವರ ಮೇಲೆ ಪ್ರೀತಿ ಇರುವ ಯಾರೂ ಇದಕ್ಕೆ ‘ಹೌದು’ ಎನ್ನಲಾರರು. ಒಂಬತ್ತು ಸಾವಿರಕ್ಕೂ ಇಲ್ಲವೆನ್ನಲಾರರು, ಇಪ್ಪತ್ತು ಸಾವಿರಕ್ಕೂ ಇಲ್ಲವೆನ್ನಲಾರರು. ಮಕ್ಕಳ ಕೋಚಿಂಗ್ ಕ್ಲಾಸು, ಆಸ್ಪತ್ರೆಯ ತಪಾಸಣೆ ಪ್ಯಾಕೇಜು, ನೀರಿನ ಫಿಲ್ಟರು, ಎಲ್ಲವನ್ನೂ ನಮಗೆ ಮಾರುವುದು ಇದೇ ಪ್ರಶ್ನೆ ಹಾಕಿ. ತಲೆಗೆ ಬೆಲೆ ಕಟ್ಟಲು ಆಗುವುದಿಲ್ಲ, ನಿಜ. ಹೆಲ್ಮೆಟ್‌ಗೆ ಕಟ್ಟಬಹುದು, ಕಟ್ಟಲೇಬೇಕು. ಅಗ್ಗದ್ದು ಏನು ಮಾಡುತ್ತದೆ, ದುಬಾರಿಯದು ಅದಕ್ಕಿಂತ ಹೆಚ್ಚಿಗೆ ಏನು ಮಾಡುತ್ತದೆ ಎಂದು ಕೇಳಿದ ಕೂಡಲೇ ಹೆದರಿಕೆ ಹಿಂದೆ ಸರಿದು ಲೆಕ್ಕ ಮುಂದೆ ಬರುತ್ತದೆ.

ಹೆಲ್ಮೆಟ್‌ನ ಅಸಲು ಕೆಲಸ ಮಾಡುವುದು ಮೇಲಿನ ಹೊಳೆಯುವ ಪ್ಲಾಸ್ಟಿಕ್ ಅಲ್ಲ. ಒಳಗಿರುವ ಬೆರಳು ದಪ್ಪದ ಬಿಳಿಯ ಅಥವಾ ಕಪ್ಪು ಥರ್ಮಾಕೋಲು. ಬಿದ್ದಾಗ ಅದು ಜಜ್ಜಿಹೋಗಬೇಕು. ಅದು ಜಜ್ಜಿದಷ್ಟು ಪೆಟ್ಟು ತಲೆಬುರುಡೆಗೆ ತಪ್ಪುತ್ತದೆ. ಅದಕ್ಕೇ ಒಂದು ಸಲ ಗಟ್ಟಿಯಾಗಿ ಪೆಟ್ಟು ತಿಂದ ಹೆಲ್ಮೆಟ್‌ ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ತಲೆಗೆ ಹಾಕಬಾರದು, ಯಾರಿಗೂ ಕೊಡಬಾರದು. ಯುರೋಪಿನ ಇಎನ್ 1078 ಎಂಬ ಮಾನದಂಡದ ಪರೀಕ್ಷೆಯಲ್ಲಿ ಲೋಹದ ತಲೆಗೆ ಹೆಲ್ಮೆಟ್ ತೊಡಿಸಿ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಗಟ್ಟಿ ಹಾಸಿನ ಮೇಲೆ ಬೀಳಿಸುತ್ತಾರೆ. ನೆಲ ಮುಟ್ಟುವಾಗ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ಹತ್ತಿರ. ಒಳಗಿನ ತಲೆಗೆ ತಗಲುವ ಆಘಾತ ಗುರುತ್ವದ 250 ಪಟ್ಟು ಮೀರಬಾರದು. ರಸ್ತೆಬದಿಯ ಕಲ್ಲಿನಂಥ ಚೂಪು ಅಂಚಿನ ಮೇಲೂ ಬೀಳಿಸಿ ನೋಡುತ್ತಾರೆ. ಸೈಕಲ್ ಮೇಲೆ ಕುಳಿತವರ ತಲೆ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಗುಂಡಿಗೆ ಚಕ್ರ ಇಳಿದು ಪಕ್ಕಕ್ಕೆ ಉರುಳುವ ನಮ್ಮ ಮಾಮೂಲಿ ಬೀಳುವಿಕೆಗೆ ಈ ಪರೀಕ್ಷೆ ಬಹಳ ಹತ್ತಿರ.

ಹೆಲ್ಮೆಟ್ ಒಳಗೆ ಕೈಹಾಕಿ, ಪ್ಯಾಡು ಸರಿಸಿ, ಚೀಟಿ ಹುಡುಕಿ. ಇಎನ್ 1078 ಅಂತಲೋ, ಅಮೆರಿಕದ ಸಿಪಿಎಸ್‌ಸಿ ಅಂತಲೋ ಇರಬೇಕು. ನಮ್ಮಲ್ಲಿ ಐಎಸ್‌ಐ ಗುರುತು ಕಡ್ಡಾಯ ಮಾಡಿದ 2020ರ ಆದೇಶ ಮೋಟಾರು ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಸಂಬಂಧಿಸಿದ್ದು. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಕಡ್ಡಾಯವೂ ಸೈಕಲ್ ತುಳಿಯುವವರಿಗೆ ತಗಲುವುದಿಲ್ಲ. ಸ್ಕೂಟರಿನವರಿಗೆ ಪೊಲೀಸರ ಕಣ್ಣಿದೆ, ದಂಡವಿದೆ. ಸೈಕಲ್ಲಿನವರ ಸರಕನ್ನು ತಡೆದು ನೋಡುವವರಿಲ್ಲ, ನಾವೇ ನೋಡಿಕೊಳ್ಳಬೇಕು. ಚೀಟಿ ಇಲ್ಲದ್ದು ಐನೂರಕ್ಕೆ ಸಿಕ್ಕರೂ ದುಬಾರಿಯೇ. ನಾವು ನೋಡಿದ ಅಂಗಡಿಗಳಲ್ಲಿ ಚೀಟಿ ಇದ್ದದ್ದು ಸಾವಿರದ ಆಸುಪಾಸಿನಿಂದ ಶುರುವಾಗುತ್ತಿತ್ತು.

ಹಾಗಾದರೆ ಒಂಬತ್ತು ಸಾವಿರಕ್ಕೆ ಹೆಚ್ಚಿಗೆ ಏನು ಸಿಗುತ್ತದೆ? ತೂಕ ನೂರು ಗ್ರಾಂನಷ್ಟು ಇಳಿಯುತ್ತದೆ. ಗಾಳಿಕಿಂಡಿಗಳು ಹೆಚ್ಚು, ಹಿಂದಿನ ತಿರುಗಣೆ ನಯ, ಬಣ್ಣ ಚೆಂದ. ಕೆಲವುಗಳಲ್ಲಿ ಮಿಪ್ಸ್ ಎಂಬ ಸ್ವೀಡನ್ ಮೂಲದ ತೆಳು ಪದರ ಇರುತ್ತದೆ. ಓರೆಯಾಗಿ ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ ಸ್ವಲ್ಪ ಜಾರಿ, ಮಿದುಳು ಒಳಗೇ ತಿರುಚಿಕೊಳ್ಳುವುದನ್ನು ಕಡಿಮೆ ಮಾಡಲೆಂದು. ಇದೊಂದು ನಿಜವಾಗಿ ದುಡ್ಡಿಗೆ ಬಾಳುವ ಸಂಗತಿ. ಆದರೆ ಇದಕ್ಕೂ ಒಂಬತ್ತು ಸಾವಿರ ಬೇಕಿಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2018ರಿಂದ ಸೈಕಲ್ ಹೆಲ್ಮೆಟ್‌ಗಳನ್ನು ಓರೆಯಾಗಿ ಬೀಳಿಸಿ ನಕ್ಷತ್ರ ಕೊಡುತ್ತಾ ಬಂದಿದೆ. ಅಲ್ಲಿ ಐದು ನಕ್ಷತ್ರ ಪಡೆದವುಗಳಲ್ಲಿ ನೂರು ಡಾಲರಿಗಿಂತ ಕಡಿಮೆ ಬೆಲೆಯವೂ ಇವೆ. ಅದರ ಎರಡು ಮೂರು ಪಟ್ಟು ಬೆಲೆಯವು ಹಿಂದೆ ಬಿದ್ದದ್ದೂ ಇದೆ. ಬೆಲೆ ಏರಿದಂತೆ ರಕ್ಷಣೆ ಏರುತ್ತಾ ಹೋಗುವುದಿಲ್ಲ ಎಂದು ಯಜಮಾನರಿಗೆ ತೋರಿಸಲು ನನಗೆ ಆ ಪಟ್ಟಿಗಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅವರೂ ಲೆಕ್ಕ ಹಾಕುವವರೇ. “ನಾಲ್ಕು ವರ್ಷ ಬರುತ್ತೆ ಕಣೇ, ದಿನಕ್ಕೆ ಎಷ್ಟು ಬಿತ್ತು ನೋಡು,” ಎಂದರು. ವರ್ಷಕ್ಕೆ 250 ದಿನ, ನಾಲ್ಕು ವರ್ಷಕ್ಕೆ ಸಾವಿರ ದಿನ. ದಿನಕ್ಕೆ ಒಂಬತ್ತು ರೂಪಾಯಿ. ನಾಗಸಂದ್ರ ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಕನಿಷ್ಠ ಟಿಕೆಟ್ಟೇ ಹತ್ತು ರೂಪಾಯಿ. ಕೇಳಲು ಸರಿಯಾಗಿದೆ. ಆದರೆ ಈ ಭಾಗಾಕಾರಕ್ಕೆ ಸಿಕ್ಕ ಯಾವ ವಸ್ತುವೂ ದುಬಾರಿ ಅನ್ನಿಸುವುದಿಲ್ಲ, ಕಾರೂ ಅನ್ನಿಸುವುದಿಲ್ಲ. ಅದೂ ಅಲ್ಲದೆ ಅವರು ಸೈಕಲ್ ಹತ್ತುವುದು ವಾರಕ್ಕೊಮ್ಮೆ. ವಾರದ ದಿನಗಳಲ್ಲಿ ಲಾರಿಗಳ ಪಕ್ಕದಲ್ಲಿ ಹೋಗುವವರು ನಾನು ಮತ್ತು ಮಗಳು. ದುಡ್ಡೆಲ್ಲ ಒಂದೇ ಹೆಲ್ಮೆಟ್‌ಗೆ ಹೋದರೆ ಬರಿತಲೆಯಲ್ಲಿ ಉಳಿಯುವುದು ನಾವಿಬ್ಬರೇ. ನಾನು ಅಷ್ಟು ಹೇಳಿದ ಮೇಲೆ ಒಂಬತ್ತು ಸಾವಿರದ ಹೆಲ್ಮೆಟ್ ಅವರೇ ಕೈಯಾರೆ ಹುಕ್ಕಿಗೆ ಸಿಕ್ಕಿಸಿದರು.

ಕೊನೆಗೆ ತಂದದ್ದು ಹೀಗೆ: ಮಗಳಿಗೆ 1,200, ನನಗೆ 1,600, ಬಿಸಿಲಲ್ಲಿ ಗಂಟೆಗಟ್ಟಲೆ ತುಳಿಯುವ ಅವರಿಗೆ ಗಾಳಿ ಚೆನ್ನಾಗಿ ಆಡುವ 2,800ರದ್ದು. ಒಟ್ಟು 5,600. ಒಂಬತ್ತು ಸಾವಿರದಲ್ಲಿ ಉಳಿದ 3,400ರಲ್ಲಿ ಮೂರೂ ಸೈಕಲ್ಲಿಗೆ ಹಿಂದಿನ ಕೆಂಪು ಲೈಟು, ಮುಂದಿನ ಲೈಟು, ಹೊಳೆಯುವ ಟೇಪು, ಮಗಳ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರು.

ಅಳತೆಯ ವಿಷಯದಲ್ಲಿ ಮಾತ್ರ ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕು. ಬಟ್ಟೆ ಹೊಲಿಯುವ ಟೇಪು ಜೊತೆಯಲ್ಲೇ ಒಯ್ಯಿರಿ. ಹುಬ್ಬಿನ ಮೇಲೆ, ಕಿವಿಯ ಮೇಲಿಂದ, ಹಿಂದಲೆಯ ಉಬ್ಬನ್ನು ಬಳಸಿ ಸುತ್ತಳತೆ ತೆಗೆಯಿರಿ. ಮಗಳದ್ದು 53 ಸೆಂಟಿಮೀಟರ್ ಬಂತು. “ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ” ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಯೂನಿಫಾರ್ಮಿಗೆ ನಾವೆಲ್ಲ ಮಾಡುವುದು ಹಾಗೆಯೇ. ಉದ್ದದ ಲಂಗವನ್ನು ಮಡಿಸಿ ಹೊಲಿಯಬಹುದು, ಹೆಲ್ಮೆಟ್‌ ಮಡಿಸಲಾಗದು. ಸಡಿಲವಾದದ್ದು ಬಿದ್ದಾಗ ಹಿಂದಕ್ಕೆ ಸರಿದು ಹಣೆಯನ್ನು ಬಿಟ್ಟುಕೊಡುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಅಂಚು ನಿಲ್ಲಬೇಕು, ಪಟ್ಟಿ ಕಿವಿಯ ಕೆಳಗೆ ಕೂಡಬೇಕು, ಗದ್ದದ ಪಟ್ಟಿಯೊಳಗೆ ಒಂದು ಬೆರಳಷ್ಟೇ ತೂರಬೇಕು. ಬಕಲ್ ಹಾಕದೆ ತಲೆ ಅಲ್ಲಾಡಿಸಿದರೂ ಜಾರಬಾರದು.

ಹೆಂಗಸರಿಗೆ ಇನ್ನೊಂದು ತಾಪತ್ರಯ ಇದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ತುರುಬು ಕಟ್ಟಿದರೆ ಹೆಲ್ಮೆಟ್ ಹಣೆಯ ಕಡೆಗೆ ಏರಿ ಕೂರುತ್ತದೆ. ಹಿಂದಿನ ತಿರುಗಣೆ ಕೂದಲ ಗಂಟಿಗೆ ಒತ್ತಿ ಹತ್ತು ನಿಮಿಷದಲ್ಲಿ ತಲೆನೋವು. ಬೇಸತ್ತು ಹೆಲ್ಮೆಟ್ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗುವವರನ್ನು ನಾನು ಕಂಡಿದ್ದೇನೆ. ಕತ್ತಿನ ಬಳಿ ಇಳಿಸಿ ಕಟ್ಟಿದ ಜಡೆ, ತಿರುಗಣೆಯ ಕೆಳಗೆ ಜಡೆ ಹೊರಬರಲು ಜಾಗ ಇರುವ ಹೆಲ್ಮೆಟ್, ಇವೆರಡೂ ಕೂಡಿಬಂದರೆ ದಿನಾ ಹಾಕಿಕೊಳ್ಳಬಹುದು. 1,200ರದ್ದನ್ನು ಬಿಟ್ಟು ನಾನು 1,600ರದ್ದು ತೆಗೆದುಕೊಂಡದ್ದು ಆ ಜಾಗಕ್ಕಾಗಿ. ಆ ನಾನೂರು ರೂಪಾಯಿ ನನ್ನ ಮಟ್ಟಿಗೆ ರಕ್ಷಣೆಯದ್ದೇ ಖರ್ಚು, ಏಕೆಂದರೆ ತಲೆಯ ಮೇಲೆ ಇಲ್ಲದ ಹೆಲ್ಮೆಟ್ ಏನನ್ನೂ ತಡೆಯುವುದಿಲ್ಲ.

ಹೆಲ್ಮೆಟ್‌ನಿಂದ ಎಷ್ಟು ಉಪಯೋಗ ಎನ್ನುವುದಕ್ಕೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ವಿವರಗಳನ್ನು ಒಟ್ಟು ಮಾಡಿ ನೋಡಿದರು. ತಲೆಗೆ ಗಂಭೀರ ಪೆಟ್ಟಾಗುವ ಸಂಭವ ಹೆಲ್ಮೆಟ್ ಹಾಕಿದವರಲ್ಲಿ ಶೇ 69ರಷ್ಟು ಕಡಿಮೆ ಇತ್ತು. ಇಷ್ಟು ದೊಡ್ಡ ಲಾಭ ಕೊಡುವ ಎರಡು ಸಾವಿರದ ಖರ್ಚು ಮನೆಯ ಲೆಕ್ಕದಲ್ಲಿ ಬೇರೊಂದಿಲ್ಲ. ಹಾಗಂತ ಎಂಟನೇ ಮೈಲಿಯಲ್ಲಿ ತಿರುಗುವ ಲಾರಿಯ ಚಕ್ರದ ಮುಂದೆ ಯಾವ ಬೆಲೆಯ ಹೆಲ್ಮೆಟ್ಟೂ ನಿಲ್ಲುವುದಿಲ್ಲ. ತುಮಕೂರು ರಸ್ತೆಯ ಸರ್ವಿಸ್ ರಸ್ತೆಯಲ್ಲಿ ಸಂಜೆ ಸಾಗುವವರಿಗೆ, ಅದರಲ್ಲೂ 2022ರಲ್ಲಿ ಐಕಿಯಾ ಮಳಿಗೆ ಬಂದ ಮೇಲೆ ವಾರಾಂತ್ಯಗಳಲ್ಲಿ, ಹಿಂದಿನವರ ಕಣ್ಣಿಗೆ ಬೀಳುವುದೇ ಮೊದಲ ರಕ್ಷಣೆ. ಲೈಟಿಗೆಂದು ದುಡ್ಡು ಉಳಿಸಿ ಎಂದು ನಾನು ಹಟ ಹಿಡಿಯುವುದು ಅದಕ್ಕೆ.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದು ಮೋಟಾರು ವಾಹನದಿಂದಾದ ಅಪಘಾತಕ್ಕೆ. ಕಾರು ಗುದ್ದಿ ಸೈಕಲ್ ಸವಾರ ಬಿದ್ದರೆ ಸಿಗುತ್ತದೆ. ಗುಂಡಿಗೆ ಇಳಿದು ತಾನಾಗಿ ಬಿದ್ದರೆ ಆ ದಾರಿ ಮುಚ್ಚಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕಥೆಯೂ ಅದೇ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು 18ರಿಂದ 70 ವರ್ಷದ ಎಲ್ಲರೂ ಬ್ಯಾಂಕಿನಲ್ಲಿ ಮಾಡಿಸಲೇಬೇಕು, ಎರಡು ಲಕ್ಷದ ರಕ್ಷೆ ಇದೆ. ಆದರೆ ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಸ್ಕ್ಯಾನಿಂಗು, ಒಂದು ರಾತ್ರಿಯ ವಾರ್ಡು, ಕೆಲಸ ತಪ್ಪಿದ ದಿನಗಳು, ಇವೆಲ್ಲ ಮನೆಯ ಜೇಬಿನಿಂದಲೇ ಹೋಗುತ್ತವೆ, ಆರೋಗ್ಯ ವಿಮೆ ಇಲ್ಲದವರಿಗಂತೂ ಪೂರ್ತಿ.

ಪೀಣ್ಯಕ್ಕೆ ಸೈಕಲ್ ತುಳಿದು ಬರುವವರಲ್ಲಿ ಆರೋಗ್ಯ ವಿಮೆ ಇಲ್ಲದವರೂ ಇದ್ದಾರೆ. ಬೆಳಗಿನ ಪಾಳಿಗೆ ಬಾಗಲಗುಂಟೆ, ಚಿಕ್ಕಬಿದರಕಲ್ಲು ಕಡೆಯಿಂದ ಊಟದ ಡಬ್ಬಿ ಕಟ್ಟಿಕೊಂಡು ಬರುತ್ತಾರೆ. ನಾನು ಲೆಕ್ಕ ಬರೆಯುವ ಒಂದು ಕಾರ್ಖಾನೆಯಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಕೆಲಸದ ಹಳದಿ ಸೇಫ್ಟಿ ಟೋಪಿಯನ್ನೇ ಹಾಕಿಕೊಂಡು ಸೈಕಲ್ ತುಳಿಯುತ್ತಾನೆ. “ತಲಿ ಮ್ಯಾಲ ಏನಾರ ಒಂದ್ ಇದ್ರ ಆತಲ್ರಿ ಮೇಡಂ,” ಎಂದ. ಅವನ ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು. ಆದರೆ ಆ ಟೋಪಿ ಮೇಲಿನಿಂದ ಬೀಳುವ ವಸ್ತುವಿಗೆ ಅಡ್ಡವಾಗಲೆಂದು ಮಾಡಿದ್ದು. ಒಳಗಿರುವುದು ನಾಲ್ಕಾರು ಪ್ಲಾಸ್ಟಿಕ್ ಪಟ್ಟಿ. ಪಕ್ಕದಲ್ಲಿ ಪೆಟ್ಟು ಹೀರುವ ಏನೂ ಇಲ್ಲ, ಬಿದ್ದರೆ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ. ಮನೆಯಲ್ಲಿ ಐಎಸ್‌ಐ ಗುರುತಿನ ಸ್ಕೂಟರ್ ಹೆಲ್ಮೆಟ್ ಇದ್ದರೆ ಸಣ್ಣ ದೂರಕ್ಕೆ ಅದೇ ಎಷ್ಟೋ ಮೇಲು, ಬೆವರು ಕಿತ್ತರೂ ಸರಿ.

ಆ ಹುಡುಗನಿಗೆ 1,200 ರೂಪಾಯಿ ಎಂದರೆ ಎರಡು ದಿನದ ದುಡಿಮೆ, ಊರಿಗೆ ಕಳಿಸುವ ದುಡ್ಡಿನಲ್ಲಿ ಕಡಿತ. ನನ್ನ 1,600ರ ಬಿಲ್ಲಿನಲ್ಲಿ ಶೇ 18ರಂತೆ 244 ರೂಪಾಯಿ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ತೆರಿಗೆಯನ್ನು ಶೇ 12ರಿಂದ 5ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ. ಸೈಕಲ್ ತುಳಿಯುವವರ ಹೆಲ್ಮೆಟ್‌ಗೂ ಅದೇ ಶೇ 5 ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಇದ್ದಿದ್ದರೆ ಬಿಲ್ಲಿನಲ್ಲಿ 176 ರೂಪಾಯಿ ಉಳಿಯುತ್ತಿತ್ತು.

ತೆರಿಗೆ ಇಳಿಯುವವರೆಗೆ ಕಾಯಬೇಕಿಲ್ಲ ಎಂದು ಆ ಕಾರ್ಖಾನೆಯ ಮಾಲೀಕರಿಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ: ಸೈಕಲ್ಲಿನಲ್ಲಿ ಬರುವವರು ಹನ್ನೊಂದು ಜನ, ತಲಾ 1,200ರಂತೆ 13,200, ಒಟ್ಟಿಗೆ ಕೊಂಡರೆ ಇನ್ನೂ ಕಡಿಮೆ, ಸಿಬ್ಬಂದಿ ಕಲ್ಯಾಣದ ಬಾಬ್ತಿಗೆ ಹಾಕಬಹುದು. ನುರಿತ ಮೆಷಿನ್ ಆಪರೇಟರ್ ಒಬ್ಬ ಒಂದು ತಿಂಗಳು ಮಲಗಿದರೆ ಆಗುವ ನಷ್ಟವನ್ನು ಅದರ ಕೆಳಗೇ ಬರೆದೆ. ಅವರು ಒಪ್ಪಿದರು. ಟೀ ಬಿಡುವಿನಲ್ಲಿ ಟೇಪು ಹಿಡಿದು ಒಬ್ಬೊಬ್ಬರ ತಲೆಯ ಅಳತೆ ತೆಗೆದು ಪಟ್ಟಿ ಮಾಡಿಕೊಂಡೆ, ಏಕೆಂದರೆ ಒಂದೇ ಸೈಜಿನ ಹನ್ನೊಂದು ತರಿಸಿದರೆ ಅರ್ಧಕ್ಕರ್ಧ ಮೂಲೆ ಸೇರುತ್ತವೆ. ಇನ್ನಿಬ್ಬರು ಮಾಲೀಕರ ಮುಂದೆ ಈ ತಿಂಗಳ ಲೆಕ್ಕದ ಜೊತೆ ಇದೇ ಹಾಳೆಯನ್ನು ಇಡುತ್ತೇನೆ.