ಕೆರೆಯ ತಳದ ಜೇಡಿ ನೀರು ಹಿಡಿಯುವ ಬಗೆ

ಈಗ ಬೆಂಗಳೂರು ನಗರದೊಳಗೆ ಸೇರಿಹೋದ ಹಲಸೂರು, ಕೆ.ಆರ್. ಪುರದ ಕಡೆಯದು ಕೆಂಪು ಮಣ್ಣಿನ ಸೀಮೆ. ಇಂಥ ಕಡೆ ಕಟ್ಟಿದ ಕೆರೆಗಳಲ್ಲಿ ನೀರು ಬೇಗ ಇಂಗದಂತೆ ತಡೆಯುವುದು ತಳದಲ್ಲಿ ಕೂತ ಜೇಡಿಮಣ್ಣು. ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು, ಆಕಾರದಲ್ಲಿ ಚಪ್ಪಟೆ. ಒಣ ಹೆಂಟೆಯಲ್ಲಿ ಈ ಬಿಲ್ಲೆಗಳು ಅಡ್ಡಾದಿಡ್ಡಿಯಾಗಿದ್ದು ನಡುವೆ ಸಂದುಗಳಿರುತ್ತವೆ. ನೆನೆಸಿ ತುಳಿದಾಗ ನೀರಿನ ತೆಳು ಪೊರೆಯ ಮೇಲೆ ಒಂದರ ಮೇಲೊಂದು ಜಾರಿ ಮಲಗುತ್ತವೆ; ಸಂದು ಮುಚ್ಚುತ್ತದೆ. ಭತ್ತದ ಗದ್ದೆಯಲ್ಲಿ ಕೆಸರು ತುಳಿದಾಗ ಆಗುವುದೂ ಇದೇ.

ಉತ್ತರ ಕರ್ನಾಟಕದ ಎರೆಭೂಮಿಯ ಜೇಡಿ, ಅಂದರೆ ಮಾಂಟ್‌ಮೊರಿಲೊನೈಟ್, ನೆನೆದರೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿರುವುದು ಬಹುಪಾಲು ಕೆಯೊಲಿನೈಟ್. ಅದು ಉಬ್ಬುವುದು ಅತ್ಯಲ್ಪ; ತುಳಿತವೇ ಬೇಕು.

ಆದ್ದರಿಂದ ಹೂಳೆತ್ತುವಾಗ ಎಚ್ಚರ ಅಗತ್ಯ. ಕೆರೆಗೋಡಿನ ಆಸೆಗೆ ಗರಸು ಕಾಣುವವರೆಗೆ ಅಗೆದರೆ ನೀರು ನಿಲ್ಲದು. (ಕೊಳವೆಬಾವಿಯವರಿಗೆ ಅದು ಲಾಭವೆನಿಸೀತು, ಕೆರೆಯ ಕೆಳಗಿನ ಗದ್ದೆಯವರಿಗಲ್ಲ.) ತಳದ ಜೇಡಿ ಪದರವನ್ನು ಬಿಟ್ಟೇ ನಿಲ್ಲಿಸಬೇಕು.

ಕೃಷಿಹೊಂಡಕ್ಕೆ ಜೇಡಿ ಹಾಕುವವರು ಮೊದಲು ಹದ ನೋಡಿರಿ. ಅಂಗೈಯಲ್ಲಿ ಹೊಸೆದಾಗ ಬತ್ತಿ ಸುಮಾರು 3 ಮಿ.ಮೀ. ದಪ್ಪಕ್ಕೆ ಇಳಿಯುವ ಮೊದಲೇ ಪುಡಿಯಾದರೆ ನೀರು ಸಾಲದು. ಕೈಗೆ ಅಂಟಿದರೆ ಇನ್ನೂ ಆರಲಿ. ತೆಳು ಪದರಗಳಾಗಿ ಹರಡಿ, ಪ್ರತಿ ಪದರಕ್ಕೂ ದಮ್ಮಸು ಹೊಡೆದು, ಒಣಗಿ ಬಿರುಕು ಬಿಡುವ ಮುಂಚೆಯೇ ನೀರು ತುಂಬಿರಿ.