ದೂರ ಪ್ರಯಾಣಕ್ಕೆ ಹಳೆಯ ಜೀಪು

ಭರತ ಹುಣ್ಣಿಮೆ ಸಮೀಪಿಸಿದಾಗ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಬಂಡಿ ಹೂಡುವ ರೈತನು ಮೊದಲು ಆ ಬಂಡಿಯ ಸುತ್ತ ಒಂದು ಸುತ್ತು ಬರುತ್ತಾನೆ. ಗಾಲಿಯ ಹಳಿ ಸಡಿಲವಾಗಿದೆಯೆ, ಕಡಾಣಿ ಭದ್ರವಾಗಿದೆಯೆ ಎಂದು ಕೈಯಿಂದ ಮುಟ್ಟಿ ನೋಡುತ್ತಾನೆ. ಅಚ್ಚಿಗೆ ಕೀಲೆಣ್ಣೆ ಹಚ್ಚಿದ ಮೇಲೆಯೇ ಎತ್ತು ಕಟ್ಟುತ್ತಾನೆ. ಕೀಲೆಣ್ಣೆ ಏತಕ್ಕೆಂದು ಕೇಳಿದರೆ, ಇಲ್ಲದಿದ್ದರೆ ಅಚ್ಚು ಕಾಯುತ್ತದೆ ಎನ್ನುತ್ತಾನೆ. ನಮ್ಮ ಈ ಪಾಠದ ಸಾರವೆಲ್ಲ ಆ ಮಾತಿನಲ್ಲಿಯೇ ಇದೆ.

ಮೂರು ನಾಲ್ಕು ಹಳೆಯ ಜೀಪುಗಳನ್ನು ಸಿದ್ಧಗೊಳಿಸಿ, ಮಿತ್ರರೊಡನೆ ಊರೂರು ಸುತ್ತಿ, ಬಯಲಿನಲ್ಲಿ ಡೇರೆ ಹಾಕಿ ತಂಗುವ ಹವ್ಯಾಸ ಈಗ ನಮ್ಮಲ್ಲಿ ಬೆಳೆಯುತ್ತಿದೆ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯು ಇದಕ್ಕೆ ಒಪ್ಪುವ ಸೀಮೆ. ಕೂಡ್ಲಿಗಿಯ ಬಂಡೆಗಲ್ಲಿನ ಗುಡ್ಡಗಳು, ಹಗರಿಬೊಮ್ಮನಹಳ್ಳಿಯ ಬಳಿ ಹರಿಯುವ ಚಿಕ್ಕ ಹಗರಿ, ಹಡಗಲಿ ಹಾಗೂ ಹರಪನಹಳ್ಳಿಯ ಕಡೆಯ ಎರೆಹೊಲಗಳು, ಹೀಗೆ ನಾನಾ ಬಗೆಯ ನೆಲವನ್ನು ಕೆಲವೇ ದಿನಗಳಲ್ಲಿ ದಾಟಬಹುದು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಿಂದ ಜೀಪುಗಳನ್ನು ಜೋಡಿಸುತ್ತ ಬಂದಿತು. ಅಂಥ ಹಳೆಯ ಗಾಡಿಗಳು ಇಂದಿಗೂ ಓಡುತ್ತಿವೆ. ಅವುಗಳನ್ನು ಹೊರಡಿಸುವವರು ಬಹುಮಟ್ಟಿಗೆ ಬಣ್ಣ, ದೀಪ, ಚಾವಣಿಗಳ ಕಡೆಗೆ ಗಮನ ಕೊಡುತ್ತಾರೆ. ಆದರೆ ಯಂತ್ರದ ನಿಜವಾದ ವೈರಿಯು ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುವ ಶಾಖ. ಸಿದ್ಧತೆಯೆಂದರೆ ಈ ಶಾಖಕ್ಕೆ ದಾರಿ ಮಾಡಿಕೊಡುವುದು.

ಮೊದಲು ಎಂಜಿನನ್ನು ನೋಡೋಣ. ಇಂಧನ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಕೆಲಸಕ್ಕೆ ಬರುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದುದನ್ನು ಹೆಚ್ಚಾಗಿ ರೇಡಿಯೇಟರಿನ ನೀರು ಹೊತ್ತೊಯ್ಯಬೇಕು. ವರ್ಷಗಟ್ಟಲೆ ಕೊಳವೆಬಾವಿಯ ಗಡುಸು ನೀರು ಹಾಕಿದ ರೇಡಿಯೇಟರಿನ ಒಳಗೆ ಸುಣ್ಣದ ಪದರ ಕಟ್ಟಿರುತ್ತದೆ. ಅದು ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಹೊರಗೆ, ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ತೆನೆಯ ಹೊಟ್ಟು ರೇಡಿಯೇಟರಿನ ರೆಕ್ಕೆಗಳ ಸಂದುಗಳನ್ನು ಮುಚ್ಚುತ್ತದೆ. ಆದುದರಿಂದ ಒಳಹೊರಗೆರಡನ್ನೂ ತೊಳೆಸಿ, ಶುದ್ಧೀಕರಿಸಿದ ನೀರನ್ನೂ ಕೂಲೆಂಟನ್ನೂ ತುಂಬಿಸಬೇಕು. ರಬ್ಬರು ಕೊಳವೆಗಳು ಹಾಗೂ ಫ್ಯಾನ್ ಬೆಲ್ಟು ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿಸಬೇಕು.

ಇಲ್ಲಿ ನಾವು ಕಂಡ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಕೂಡ್ಲಿಗಿಯ ಕಡೆ ಬೇಸಿಗೆಯ ಮಧ್ಯಾಹ್ನ ನಮ್ಮ ತಂಡದ ಜೀಪೊಂದು ಕಾದು ನಿಂತಿತು. ಮಿತ್ರರೊಬ್ಬರು ನೀರು ಹಾಕುವ ಆತುರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಮರುಕ್ಷಣವೇ ಅವರ ಮುಂಗೈ ಬೆಂದುಹೋಯಿತು. ಕಾರಣವೇನು? ಒಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಅರ್ಧದಷ್ಟು ಹೆಚ್ಚಿದ್ದರೆ ನೀರು ಸುಮಾರು 111 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. 108 ಡಿಗ್ರಿಯ 10 ಲೀಟರು ನೀರು ಒಳಗಿದೆಯೆಂದುಕೊಳ್ಳೋಣ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು ನೀರು 100 ಡಿಗ್ರಿಗೆ ಬರಬೇಕಾಗುತ್ತದೆ. ಆಗ ಬಿಡುಗಡೆಯಾಗುವ ಶಾಖವು ಸುಮಾರು 150 ಗ್ರಾಂ ನೀರನ್ನು ಆವಿಯಾಗಿಸುತ್ತದೆ. ಆ ಆವಿಯ ಗಾತ್ರ ಸುಮಾರು 250 ಲೀಟರು! ಅದು ಕುದಿನೀರನ್ನೂ ತಳ್ಳಿಕೊಂಡು ಆ ಸಣ್ಣ ಬಾಯಿಯಿಂದಲೇ ಹೊರನುಗ್ಗುತ್ತದೆ. ಎಂಜಿನು ನಿಲ್ಲಿಸಿ, ಅರ್ಧ ಗಂಟೆಯಾದರೂ ಕಾದು, ಕೊಳವೆಯು ಕೈಗೆ ತಣ್ಣಗೆನಿಸಿದ ಮೇಲೆಯೇ ಮುಚ್ಚಳವನ್ನು ಮುಟ್ಟತಕ್ಕದ್ದು.

ಎರಡನೆಯದು ಬ್ರೇಕು. ಜನ, ಸಾಮಾನು ಸೇರಿ 1,800 ಕಿಲೋಗ್ರಾಂ ಇರುವ ಜೀಪು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ ಸುಮಾರು 2,50,000 ಜೂಲ್. ಬ್ರೇಕು ಒತ್ತಿ ನಿಲ್ಲಿಸಿದರೆ ಇದರಲ್ಲಿ ಬಹುಭಾಗ ಬ್ರೇಕುಗಳಲ್ಲಿ ಶಾಖವಾಗುತ್ತದೆ. ಅಷ್ಟು ಶಾಖವು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ವೇಗ 80 ಆದರೆ ಶಾಖವು ಒಂದೂಮುಕ್ಕಾಲು ಪಾಲಿಗೂ ಮೀರುತ್ತದೆ. ಏಕೆಂದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿದೆ. ಗುಡ್ಡದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಶಾಖ ಕೂಡುತ್ತಲೇ ಹೋಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವವು 205 ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ದ್ರವಕ್ಕೆ ಇದೇ ಮಿತಿ 140 ಡಿಗ್ರಿ ಮಾತ್ರ. ಕುದಿದಾಗ ಹುಟ್ಟುವ ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ. ಕಾಲಿನ ಬಲ ಗಾಲಿಗೆ ತಲುಪದೆ ಪೆಡಲು ಸುಮ್ಮನೆ ತಳಕ್ಕೆ ಇಳಿಯುತ್ತದೆ. ಅನೇಕ ಹಳೆಯ ಜೀಪುಗಳಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ದ್ರವಮಾರ್ಗವಿರುತ್ತದೆ. ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆಯೆ. ಹಣವಿಲ್ಲದಿದ್ದರೆ ಬಣ್ಣವನ್ನು ಬಿಡಿರಿ, ಈ ದ್ರವವನ್ನು ಬದಲಿಸದೆ ಹೊರಡಬೇಡಿರಿ. ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರಿಗೆ ಹಾಕಿ, ವೇಗವನ್ನು ಎಂಜಿನೇ ತಡೆಯುವಂತೆ ಮಾಡಬೇಕು.

ಮೂರನೆಯದು ಹೊರೆ. ಹೊರೆ ಹೆಚ್ಚಿದಷ್ಟೂ ಎಂಜಿನು, ಬ್ರೇಕು ಎರಡೂ ಹೆಚ್ಚು ಕಾಯುತ್ತವೆ. ಅದನ್ನು ಚಾವಣಿಯ ಮೇಲೆ ಹೇರಿದರೆ ಇನ್ನೊಂದು ಕೇಡು ಸೇರುತ್ತದೆ. ಎಡಬಲ ಗಾಲಿಗಳ ನಡುವಣ ಅಂತರ 1.2 ಮೀಟರು, ಗುರುತ್ವಕೇಂದ್ರದ ಎತ್ತರ 65 ಸೆಂಟಿಮೀಟರು ಎಂದಿಟ್ಟುಕೊಂಡರೆ, ಲೆಕ್ಕದ ಪ್ರಕಾರ ನಿಂತ ಗಾಡಿಯು ಸುಮಾರು 43 ಡಿಗ್ರಿಯ ಅಡ್ಡವಾಲಿನವರೆಗೆ ಉರುಳದು. ಗುರುತ್ವಕೇಂದ್ರ 80 ಸೆಂಟಿಮೀಟರಿಗೆ ಏರಿದರೆ ಈ ಕೋನ 37 ಡಿಗ್ರಿಗೆ ಇಳಿಯುತ್ತದೆ. ಓಡುವಾಗ ಸ್ಪ್ರಿಂಗುಗಳು ಬಾಗುವುದರಿಂದಲೂ ಹಳ್ಳದಿಣ್ಣೆಗಳ ಕುಲುಕಾಟದಿಂದಲೂ ಇದಕ್ಕಿಂತ ಬಹಳ ಮೊದಲೇ ಅಪಾಯ ಒದಗುತ್ತದೆ. ನೀರಿನ ಕ್ಯಾನುಗಳು, ಉಪಕರಣಗಳ ಪೆಟ್ಟಿಗೆ ಕೆಳಗಿರಲಿ; ಹಾಸಿಗೆ, ಡೇರೆಯ ಬಟ್ಟೆ ಮೇಲಿರಲಿ.

ಇನ್ನು ಟೈರು. ಒಣಗಿದ ಹಳ್ಳದ ಮರಳಿನಲ್ಲಿ ಗಾಳಿಯನ್ನು ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ನೆಲಕ್ಕೆ ತಗುಲಿ ಹೂಳುವುದು ಕಡಿಮೆಯಾಗುತ್ತದೆ. ಆದರೆ ಹಾಗೆಯೇ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸಿದರೆ, ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುವ ರಬ್ಬರು ಕಾದು ಒಡೆಯಬಹುದು. ಒತ್ತಡಮಾಪಕವೂ ಪಂಪೂ ಜೊತೆಗಿರಬೇಕು. ಮಳೆ ಬಿದ್ದ ಎರೆನೆಲವನ್ನಂತೂ ಹೊಗಲೇಬಾರದು. ಅಲ್ಲಿಯ ಜೇಡಿ ನೀರು ಕುಡಿದು ಉಬ್ಬಿ, ಟೈರಿನ ಹಲ್ಲುಗಳಲ್ಲಿ ಮೆತ್ತಿಕೊಳ್ಳುತ್ತದೆ. ನಾಲ್ಕು ಗಾಲಿಯ ಬಲವೂ ಅಲ್ಲಿ ಜಾರುವುದಕ್ಕಷ್ಟೆ ಬರುತ್ತದೆ. ನೆಲ ಆರುವವರೆಗೆ ಕಾಯುವುದೇ ಜಾಣತನ.

ತಂಗುವಲ್ಲಿಯೂ ಶಾಖವನ್ನು ಮರೆಯಬಾರದು. ಆಗತಾನೆ ನಿಂತ ಗಾಡಿಯ ಹೊಗೆಕೊಳವೆಯು ಒಣಹುಲ್ಲಿಗೆ ಬೆಂಕಿ ತಗುಲಿಸಬಲ್ಲದು. ಬರಿನೆಲದ ಮೇಲೆ ನಿಲ್ಲಿಸಿರಿ. ಗುಡೇಕೋಟೆಯ ಕರಡಿಧಾಮ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಪಕ್ಷಿಧಾಮ, ಇವು ಪ್ರಾಣಿಪಕ್ಷಿಗಳ ಮನೆಗಳು. ಅಲ್ಲಿ ಡೇರೆ ಹೂಡುವುದು ಸಲ್ಲದು. ಊರಿನವರನ್ನು ಕೇಳಿ, ಅವರು ಒಪ್ಪಿದ ಬಯಲಿನಲ್ಲಿ ತಂಗಬೇಕು.

ಹೊರಡುವ ವಾರದ ಮೊದಲು ಪೂರ್ತಿ ಹೊರೆಯೊಡನೆ 50 ಕಿಲೋಮೀಟರಾದರೂ ಓಡಿಸಿ ನೋಡಿರಿ. ಪಯಣದಲ್ಲಿ ಎಲ್ಲಕ್ಕಿಂತ ನಿಧಾನದ ಗಾಡಿ ಮುಂದಿರಲಿ. ಅದರ ವೇಗವೇ ತಂಡದ ವೇಗ. ಕೂಡ್ಲಿಗಿಯಿಂದ ಹೊರಟವರು ಕೊಟ್ಟೂರಿನಲ್ಲಿ ಚಹಾಕ್ಕೆ ನಿಂತಾಗ, ಪ್ರತಿ ಗಾಡಿಯ ನಾಲ್ಕು ಗಾಲಿಗಳ ನಡುಭಾಗಕ್ಕೂ ಕೈಯ ಹಿಂಬದಿಯನ್ನು ತಗುಲಿಸದೆ ಹತ್ತಿರ ಹಿಡಿದು ನೋಡಿರಿ. ಒಂದು ಮಾತ್ರ ಅದರ ಜೋಡಿಗಿಂತ ಹೆಚ್ಚು ಕಾದಿದ್ದರೆ, ಅಲ್ಲಿ ಬೇರಿಂಗಿನ ಗ್ರೀಸು ಆರಿದೆ ಇಲ್ಲವೆ ಬ್ರೇಕು ಹಿಡಿದುಕೊಂಡಿದೆ ಎಂದು ತಿಳಿಯಬೇಕು. ಇದಕ್ಕೆ ಯಾವ ಉಪಕರಣವೂ ಬೇಡ. ಮೈಲಾರಕ್ಕೆ ಹೊರಟ ರೈತನು ಅಚ್ಚು ಮುಟ್ಟಿ ನೋಡುವ ಕೈಯೇ ಸಾಕು.