ನುಗ್ಗೆಸೊಪ್ಪಿನ ಸತ್ವ ಕೈಜಾರದಿರಲಿ

ಆಷಾಢದಲ್ಲಿ ಒಮ್ಮೆಯಾದರೂ ನುಗ್ಗೆಸೊಪ್ಪು ತಿನ್ನಬೇಕೆಂಬುದು ನಮ್ಮ ಮೈಸೂರು ಸೀಮೆಯ ಹಳೆಯ ವಾಡಿಕೆ. ದೇವರಾಜ ಮಾರುಕಟ್ಟೆಗೆ ಸೊಪ್ಪು ತರುವ ರೈತರಿಗೆ ಒಂದು ಮಾತು. ಬಿಗಿಯಾಗಿ ಕಟ್ಟಿದ ಹೊರೆಯ ನಡುವೆ ನಡುಹಗಲಲ್ಲಿ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿರುತ್ತದೆ, ಕಡ್ಡಿ ಅಲ್ಲಾಡಿಸಿದರೆ ಹಳದಿ ಎಲೆ ಉದುರುತ್ತದೆ. ಕೊಯ್ದ ಮೇಲೂ ಸೊಪ್ಪು ಉಸಿರಾಡುತ್ತದೆ. ಆ ಬಿಸಿಯಲ್ಲೇ ಅದರ ಸತ್ವ ಕರಗುತ್ತದೆ.

ಆ ಸತ್ವ ಸಣ್ಣದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 6.4 ಗ್ರಾಂ ಪ್ರೋಟೀನ್, 314 ಮಿಲಿಗ್ರಾಂ ಸುಣ್ಣದಂಶ, 4.5 ಮಿಲಿಗ್ರಾಂ ಕಬ್ಬಿಣ, 108 ಮಿಲಿಗ್ರಾಂ ಸಿ ವಿಟಮಿನ್ ಇದೆ. ಕಣ್ಣಿಗೆ ಬೇಕಾದ ಬೀಟಾ ಕ್ಯಾರೋಟಿನ್ ಧಾರಾಳ. ಕ್ವೆರ್ಸೆಟಿನ್, ಕ್ಲೋರೊಜೆನಿಕ್ ಆಮ್ಲದಂಥ ಆ್ಯಂಟಿಆಕ್ಸಿಡೆಂಟ್‌ಗಳೂ ಇವೆ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಅಂಥ ಉತ್ಕರ್ಷಣೆಯ ಹಾನಿ ನಮ್ಮ ಜೀವಕೋಶಗಳಿಗೂ ಆಗುತ್ತದೆ. ಅದನ್ನು ತಡೆಯುವ ಗುಣದ ವಸ್ತುಗಳಿವು. ಹಾಗೆಂದು ನುಗ್ಗೆಪುಡಿ ಸಕಲ ರೋಗಕ್ಕೂ ಮದ್ದೆಂದು ಪೊಟ್ಟಣದ ಮೇಲೆ ಬರೆಯಬೇಡಿ. ಅದು ಆಹಾರ, ಔಷಧಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಪುಡಿ ಬಳಸಬೇಕು.

ಈ ಸೊಪ್ಪನ್ನು ಒಣಗಿಸುವುದು ಹೇಗೆಂದು ಪರೀಕ್ಷಿಸಿದ್ದು ನಮ್ಮೂರಿನ ವಿಜ್ಞಾನಿಗಳೇ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐನವರು, ಬೇರೆ ಬೇರೆ ವಿಧಾನಗಳನ್ನು ಹೋಲಿಸಿ ನೋಡಿದ್ದಾರೆ. ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನದಲ್ಲಿ ಸತ್ವ ಚೆನ್ನಾಗಿ ಉಳಿಯುತ್ತದೆ. ಆ ಯಂತ್ರ ನಮ್ಮಂಥವರ ಕೈಗೆಟುಕದು. ನೆರಳು ಮಾತ್ರ ಎಲ್ಲರಿಗೂ ಎಟುಕುತ್ತದೆ.

ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಒದ್ದೆ ಗೋಣಿಯಡಿ ಸಡಿಲವಾಗಿಟ್ಟು ಬೇಗ ಸಾಗಿಸಿ. ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟರೆ ಎಲೆ ತಾನಾಗಿ ಉದುರುತ್ತದೆ, ಬಿಡಿಸುವ ಕೆಲಸ ಹಗುರವೆಂದು ಅನೇಕ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಕೆಲಸ ಉಳಿಯುತ್ತದೆ ನಿಜ, ಸಿ ವಿಟಮಿನ್ ಪೂರ್ತಿ ಉಳಿಯುವುದಿಲ್ಲ. ಪುಡಿಗಾದರೆ ಎಲೆ ಬಿಡಿಸಿ, ತೊಳೆದು, ನೀರು ಸೋರಿಸಿ, ಗಾಳಿಯಾಡುವ ನೆರಳಿನಲ್ಲಿ ಬಲೆಯ ಮೇಲೆ ತೆಳುವಾಗಿ ಹರಡಿ, ಆಗಾಗ ತಿರುವಿಹಾಕಿ. ಬಿಸಿಲಿಗೆ ಹಾಕಿದರೆ ಹಸಿರು ಮಾಸಿ ಕ್ಯಾರೋಟಿನ್ ನಾಶವಾಗುತ್ತದೆ. ಬೆರಳಲ್ಲಿ ಉಜ್ಜಿದಾಗ ಗರಗರನೆ ಪುಡಿಯಾದರೆ ಒಣಗಿದೆ ಎಂದರ್ಥ. ಬೆಳಕು ತಾಗದ ಡಬ್ಬದಲ್ಲಿ ತೇವವಿಲ್ಲದಂತೆ ಇಡಿ.

ಇನ್ನು ನುಗ್ಗೆ ಬೆಳೆಗೆ ನೀರು ಬಸಿದುಹೋಗುವ ಕೆಮ್ಮಣ್ಣು ಹಿತ. ಕಾಲುವೆ ಬಯಲಿನ ಜೌಗಿನಲ್ಲಿ ಬೇರು ಕೊಳೆಯುತ್ತದೆ. ತಮಿಳುನಾಡಿನ ಪಿಕೆಎಂ-1, ಬಾಗಲಕೋಟೆಯ ಭಾಗ್ಯ ತಳಿಗಳು ಪರಿಚಿತ. ಗಿಡ ಎರಡೂವರೆ ಅಡಿಯಾದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ನೀರಿದ್ದರೆ ಸುಮಾರು 40 ದಿನಕ್ಕೊಮ್ಮೆ ಸೊಪ್ಪು ಸಿಗುತ್ತದೆ. ಕಂಬಳಿಹುಳು ಬಂದರೆ ಬುಡದ ಬಳಿ ಗುಂಪುಗಟ್ಟಿರುವಾಗಲೇ ಪಂಜಿನಿಂದ ಸುಡಿ. ತಿನ್ನುವ ಎಲೆಗೆ ವಿಷ ಹೊಡೆಯಬೇಡಿ.

ಅಡುಗೆಯಲ್ಲಿ ನಮ್ಮ ಬಸ್ಸಾರಿಗೆ ಸಾಟಿಯಿಲ್ಲ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದರಿಂದ ನೀರಿಗಿಳಿದ ಸತ್ವ ಬಟ್ಟಲಿಗೇ ಬರುತ್ತದೆ. ಒಗ್ಗರಣೆಯ ಎಣ್ಣೆ ಕ್ಯಾರೋಟಿನ್ ಮೈಗೆ ಹತ್ತಲು ನೆರವಾಗುತ್ತದೆ, ಹಿಂಡಿದ ನಿಂಬೆರಸ ಕಬ್ಬಿಣಕ್ಕೆ. ಊಟದ ಬೆನ್ನಿಗೇ ಕಾಫಿ ಬೇಡ, ಅದು ಕಬ್ಬಿಣ ಮೈಗೆ ಹತ್ತಲು ಅಡ್ಡಿ.

ಪುಡಿ ಮಾರುವ ಯೋಚನೆಯಿದ್ದರೆ ಮೊದಲ ಕಟಾವಿಗೆ ಮುಂಚೆಯೇ ನೆರಳಿನ ಚಪ್ಪರ ಹಾಕಿಕೊಳ್ಳಿ, ಆಹಾರ ಸುರಕ್ಷತಾ ನೋಂದಣಿ ಮಾಡಿಸಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ವಿಚಾರಿಸಿ.